ಸಾಕ್ಷಿ ಇಲ್ಲದೆ ರೆಸ್ಯೂಮ್ ಬರೆಯದ ಮಾವ

ನನ್ನ ಸೋದರಮಾವನಿಂದ ರೆಸ್ಯೂಮ್ ಬರೆಸಿಕೊಂಡವರಿಗೆ ಕೆಲಸ ಸಿಕ್ಕೇ ಸಿಗುತ್ತದೆ ಎಂದು ಕುಂಬಾರಕೊಪ್ಪಲಿನಲ್ಲಿ ಒಂದು ನಂಬಿಕೆ ಇದೆ. ಸುಳ್ಳಲ್ಲ. ಆದರೆ ಅದನ್ನು ಬರೆಸಿಕೊಂಡು ಅವರ ಜಗಲಿ ಇಳಿಯುವಷ್ಟರಲ್ಲಿ ಕೆಲವರಿಗೆ ಕೆಲಸವೇ ಬೇಡ ಎನಿಸಿರುತ್ತದೆ! ಒಬ್ಬನಂತೂ ಅರ್ಧಕ್ಕೇ ಎದ್ದು ಹೋಗಿ ಊರಿನಲ್ಲಿ ಎಮ್ಮೆ ಕಟ್ಟಿದ ಎಂದು ಪಕ್ಕದ ಜೆರಾಕ್ಸ್ ಅಂಗಡಿಯಾಕೆ ಹೇಳುತ್ತಾಳೆ. ಆ ಎಮ್ಮೆಯನ್ನು ನಾನು ಕಣ್ಣಾರೆ ನೋಡಿಲ್ಲ, ಆದ್ದರಿಂದ ಅದನ್ನು ನಿಜವೆಂದು ಹೇಳಲಾರೆ. ಇಲ್ಲಿ ನಾನು ಕಂಡದ್ದನ್ನು, ಕಿವಿಯಾರೆ ಕೇಳಿದ್ದನ್ನು ಮಾತ್ರ ಬರೆಯುತ್ತೇನೆ. ಅಲ್ಲಲ್ಲಿ ಒಂದು ಹಿಡಿ ಹೆಚ್ಚಾಗಿದ್ದರೆ ಅದು ಮಾವನ ಮೇಲಿನ ಪ್ರೀತಿಯ ತಪ್ಪು, ನನ್ನದಲ್ಲ.

ಮಾವನಿಗೆ ಈಗ ಎಪ್ಪತ್ತನಾಲ್ಕು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಬಿಳಿ ಬಟ್ಟೆಗೆ ಹಾಕುವ ನೀಲಿ ಮಾರಿದವರು. ಮೊಪೆಡ್ಡಿನ ಹಿಂದೆ ಒಂದು ಮರದ ಪೆಟ್ಟಿಗೆ, ಪೆಟ್ಟಿಗೆಯ ತುಂಬ ಸಣ್ಣ ಸೀಸೆಗಳು. ಗಾಡಿ ನಮ್ಮ ಬೀದಿಯ ತಿರುವಿಗೆ ಬಂದರೆ ಸೀಸೆಗಳು ಕಿಣಿಕಿಣಿ ಎನ್ನುತ್ತಿದ್ದವು. ಅಷ್ಟು ಕೇಳಿದರೆ ಸಾಕು, ಅಮ್ಮ ಕಾಫಿಗೆ ನೀರಿಡುತ್ತಿದ್ದಳು. ನೀಲಿ ಮಾರುವವನ ಅಂಗಿ ಹಾಲಿನಂತೆ ಬೆಳ್ಳಗಿರಬೇಕು ಎಂಬುದು ಮಾವನ ಸಿದ್ಧಾಂತ. ಸೋರುವ ಸೀಸೆಗಳ ನಡುವೆ ದಿನವಿಡೀ ಓಡಾಡುವವನ ಅಂಗಿ ಬೆಳ್ಳಗಿರಲು ಸಾಧ್ಯವೇ ಇಲ್ಲ ಎಂಬುದು ಜಗತ್ತಿನ ಸಿದ್ಧಾಂತ. ಗೆದ್ದದ್ದು ಜಗತ್ತೇ. ಮಗಳ ಮದುವೆಯಲ್ಲಿ ಧಾರೆ ಎರೆಯುವಾಗ ತೆಗೆದ ಫೋಟೊದಲ್ಲಿ ಕೂಡ ಮಾವನ ಬಲಗೈ ಹೆಬ್ಬೆರಳು ಆಕಾಶದ ಬಣ್ಣಕ್ಕಿದೆ!

ಬೇಸಿಗೆ ರಜೆಯಲ್ಲಿ ನಾನು ಅವರ ಜೊತೆ ಮೊಪೆಡ್ಡಿನಲ್ಲಿ ಹೋಗುತ್ತಿದ್ದೆ. ಆಗ ಅಂಗಡಿಗಳಿಗೆ ಇನ್ನೂ ಹಲಗೆ ಬಾಗಿಲು. ಬೆಳಿಗ್ಗೆ ಒಂದೊಂದೇ ಹಲಗೆ ತೆಗೆಯುವಾಗ ಒಳಗಿನ ಬೆಲ್ಲ, ಸೋಪು, ಗೋಣಿಚೀಲ, ಸೀಮೆಎಣ್ಣೆ ಎಲ್ಲ ಸೇರಿದ ವಾಸನೆ ಹೊರಗೆ ಬರುತ್ತಿತ್ತು. ಮಾವ ಒಳಗೆ ಹೋದವರು ನೀಲಿಯ ಮಾತೇ ಎತ್ತುತ್ತಿರಲಿಲ್ಲ. "ಸ್ವಲ್ಪ ನೀರು ಕೊಡಿ ಯಜಮಾನ್ರೇ" ಎಂದು ಕೇಳಿ, ನಿಧಾನವಾಗಿ ಕುಡಿಯುತ್ತಿದ್ದರು. ಲೋಟ ಖಾಲಿಯಾಗುವಷ್ಟರಲ್ಲಿ ಅಂಗಡಿಯವರೇ "ಏನ್ ತಂದಿದೀರಿ ಇವತ್ತು?" ಎನ್ನಬೇಕು, ಅದು ಲೆಕ್ಕ. ಒಂದು ಅಂಗಡಿಯವರು ಜಪ್ಪಯ್ಯ ಎಂದರೂ ಕೇಳಲಿಲ್ಲ. ಮಾವ ಬಿಡಲಿಲ್ಲ. ನಾಲ್ಕು ಲೋಟ ನೀರು ಕುಡಿದರು. ಐದನೆಯದಕ್ಕೆ ಅವರು ಸೋತು ಎರಡು ಡಜನ್ ಸೀಸೆ ತೆಗೆದುಕೊಂಡರು. ಅಲ್ಲಿಂದ ಮುಂದೆ ಮಾವ ದಾರಿಯುದ್ದಕ್ಕೂ ಬೇರೇನೂ ಮಾರಲಿಲ್ಲ. ಬರೀ ಮರ ಹುಡುಕಿದರು!

ವಾಷಿಂಗ್ ಮೆಷಿನ್ನುಗಳು ಬಂದವು, ನೀಲಿಯ ಕಂಪನಿ ಮುಚ್ಚಿತು, ಮಾವ ಜಗಲಿಯ ಮೇಲೆ ಕೂತರು. ಸೇಲ್ಸ್ ಕೆಲಸ ಹುಡುಕುವವರು ಅವರ ಅನುಭವದ ಮಾತು ಕೇಳಲು ಒಬ್ಬೊಬ್ಬರಾಗಿ ಬಂದರು. ಹಾಗೆ ಶುರುವಾದದ್ದು ಈ ರೆಸ್ಯೂಮ್ ಕಸುಬು. ಫೀಸು ಇಲ್ಲ. ಮಾವ ಕನ್ನಡದಲ್ಲಿ ನೋಟ್ ಪುಸ್ತಕದಲ್ಲಿ ಬರೆದುಕೊಡುವುದು, ಜೆರಾಕ್ಸ್ ಅಂಗಡಿಯಾಕೆ ಅದನ್ನು ಇಂಗ್ಲಿಷ್ ಮಾಡಿ ಟೈಪಿಸುವುದು.

ಬಿಸ್ಕತ್ತು ಮಾರುವ ಒಬ್ಬರು ಬಂದ ದಿನ ನಾನು ಅಲ್ಲೇ ಇದ್ದೆ. ಸುಮಾರು ಮೂವತ್ತರ ಗಂಡಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೈಲು. ಮಾವ ಅದನ್ನು ತೂಗಿ ನೋಡಿದರು.

"ನಾಲ್ಕು ಪುಟ! ನೀನೇನು ಸೇಲ್ಸ್‌ಮನ್ನೋ, ಮಾಜಿ ಮಂತ್ರಿಯೋ?"

"ಎಲ್ಲಾ ನನ್ನ ಕ್ವಾಲಿಟೀಸು ಸಾರ್."

"ಓದಪ್ಪ."

"ಡೈನಮಿಕ್, ಹಾರ್ಡ್ ವರ್ಕಿಂಗ್, ಟೀಮ್ ಪ್ಲೇಯರ್..."

"ತಡಿ. ಇದನ್ನ ಯಾರಂದ್ರು?"

"ಯಾರೂ ಅಂದಿಲ್ಲ ಸಾರ್. ನಾನೇ ಹಾಕ್ಕೊಂಡೆ."

"ಹೆಣ್ಣು ಕೊಡೋರು ಗಂಡಿನ ಗುಣಾನ ಗಂಡನ್ನೇ ಕೇಳ್ತಾರೇನೋ? ಬೀದಿಯೋರನ್ನ ಕೇಳ್ತಾರೆ. ಏಳು, ಚಪ್ಪಲಿ ಮೆಟ್ಕೋ. ನಿನ್ನ ಲೈನು ತೋರ್ಸು."

ಇದು ಮಾವನ ಪದ್ಧತಿ. ಬಂದವರು ಯಾವ ಯಾವ ಅಂಗಡಿಗೆ ಮಾಲು ಹಾಕಿದ್ದಾರೋ ಆ ಅಂಗಡಿಗಳನ್ನೆಲ್ಲ ಮಾವ ಕಾಲ್ನಡಿಗೆಯಲ್ಲಿ ಸುತ್ತುತ್ತಾರೆ. ಪ್ರತಿ ಅಂಗಡಿಯಲ್ಲೂ ಒಂದೇ ಪ್ರಶ್ನೆ: "ಈತ ಬಂದ್ರೆ ಏನಾಗುತ್ತೆ?" ಅಂಗಡಿಯವರ ಬಾಯಲ್ಲಿ ಬಂದದ್ದು ಮಾತ್ರ ರೆಸ್ಯೂಮಿಗೆ. ಬಾರದ್ದು ಇಲ್ಲ.

ಬಿಸ್ಕತ್ತಿನವರ ವಿಷಯದಲ್ಲಿ ಮೊದಲ ಅಂಗಡಿಯಾತ ಹೇಳಿದ್ದು ಇಷ್ಟು: "ಏನಾಗುತ್ತೆ ಸ್ವಾಮಿ? ಕೂತ್ಕೊತಾನೆ. ಕೂತ್ರೆ ಏಳಲ್ಲ. ಆರ್ಡರ್ ಕೊಟ್ಟೇ ಕಳಿಸ್ಬೇಕು." ಎರಡನೆಯವರೂ ಅದನ್ನೇ ಅಂದರು. ಸಂಜೆಯ ಹೊತ್ತಿಗೆ ಹದಿನೆಂಟು ಅಂಗಡಿ ಆಯಿತು. ರೆಸ್ಯೂಮಿನ ಮೊದಲ ಸಾಲು ಹೀಗೆ ಸಿದ್ಧವಾಯಿತು: "ಅಂಗಡಿಯಲ್ಲಿ ಕೂತರೆ ಆರ್ಡರ್ ಆಗುವವರೆಗೆ ಏಳುವುದಿಲ್ಲ. ಹದಿನೆಂಟು ಅಂಗಡಿಯವರು ಹೀಗೆಂದು ದೂರಿದ್ದಾರೆ." ಕೆಳಗೆ ಅಂಗಡಿಗಳ ಹೆಸರು, ಫೋನ್ ನಂಬರು.

ಆತನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಸಾರ್, ಮರ್ಯಾದೆ ಹೋಗುತ್ತೆ."

ಜೆರಾಕ್ಸ್ ಅಂಗಡಿಯಾಕೆಯೂ ಅವರ ಪರ ನಿಂತಳು. "ಅಲ್ಲ ಕಣ್ರೀ, ಇದನ್ನ ಇಂಗ್ಲಿಷ್ ಮಾಡಿದ್ರೆ ಆಫೀಸಿನೋರು ನಗಲ್ವಾ?"

"ನಗ್ಲಿ. ನಗೋಕಾದ್ರೂ ಓದ್ಬೇಕಲ್ಲಮ್ಮ!"

ಆಫೀಸಿನವರು ನಕ್ಕರೋ ಇಲ್ಲವೋ ನನಗೆ ಗೊತ್ತಿಲ್ಲ. ಕೆಲಸವಂತೂ ಸಿಕ್ಕಿತು. ಬಿಸ್ಕತ್ತಿನವರು ಮೈಸೂರ್ ಪಾಕ್ ತೆಗೆದುಕೊಂಡು ಮಾವನ ಮನೆಗೆ ಬಂದರು, ಕೂತರು. ಹತ್ತೂವರೆಗೆ ಬಂದವರನ್ನು ಮಧ್ಯಾಹ್ನ ಎರಡಕ್ಕೆ ಮಾವನೇ "ಆಯ್ತಪ್ಪ, ಈಗ ಏಳು" ಎಂದು ಎಬ್ಬಿಸಬೇಕಾಯಿತು!

ಇನ್ನೊಂದು ಸಲ ಗೋಕುಲಂ ಬಡಾವಣೆಯಿಂದ ಒಬ್ಬಾಕೆ ಬಂದಳು. ಯೋಗ ಕಲಿಯಲು ಬರುವ ವಿದೇಶದವರು ಇಳಿದುಕೊಳ್ಳುವ ಒಂದು ಗೆಸ್ಟ್ ಹೌಸಿಗೆ ಆಕೆ ಮಾರ್ಕೆಟಿಂಗ್ ಮಾಡುತ್ತಿದ್ದಳು. ಸಾಕ್ಷಿ ಹೇಳಬೇಕಾದವರು ವಿದೇಶದವರು, ಮಾವನಿಗೆ ಇಂಗ್ಲಿಷ್ ಬಾರದು. ನನ್ನ ಅಲ್ಪಸ್ವಲ್ಪ ಇಂಗ್ಲಿಷನ್ನು ನಂಬಿ ನನ್ನನ್ನೂ ಕರೆದುಕೊಂಡು ಹೋದರು. ಮೂರನೇ ಮಹಡಿಯ ತಾರಸಿ. ಬಿಳಿ ಪಂಚೆ, ಬಿಳಿ ಅಂಗಿಯ ಮಾವ ಮೆಟ್ಟಿಲು ಹತ್ತಿ ಸುಸ್ತಾಗಿ ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಎದುರಿಗಿದ್ದ ವಿದೇಶಿ ಹೆಂಗಸು ತಟ್ಟನೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಮಾವ ದೊಡ್ಡದಾಗಿ ಉಸಿರು ಬಿಟ್ಟರು. ಆಕೆಯೂ ಬಿಟ್ಟಳು. ಮಾವನಿಗೆ ಸೀನು ಬಂದ ಹಾಗಾಗಿ ಮೂಗು ಹಿಡಿದರು. ಆಕೆಯೂ ಹಿಡಿದಳು! ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೂ ನಾಲ್ವರು ಬಂದು ಸಾಲಾಗಿ ಕೂತು ಮೂಗು ಹಿಡಿದಿದ್ದರು.

"ಏನೇ ಇದು, ಎಲ್ಲಾರ್ಗೂ ನೆಗಡಿನಾ?" ಎಂದು ಮಾವ ಮೆಲ್ಲಗೆ ಕೇಳಿದರು.

ಕೊನೆಗೆ ತಿಳಿದದ್ದು ಏನೆಂದರೆ, ಆ ಐವರೂ ಒಂದು ತಿಂಗಳಿಗೆಂದು ಬಂದು ಮೂರನೇ ತಿಂಗಳು ನಡೆಸುತ್ತಿದ್ದರು. ಗೆಸ್ಟ್ ಹೌಸಿನಾಕೆಯ ರೆಸ್ಯೂಮಿನಲ್ಲಿದ್ದ ಹದಿನಾರು ಗುಣಗಳನ್ನು ಮಾವ ಹೊಡೆದುಹಾಕಿ, "ಒಂದು ತಿಂಗಳಿಗೆ ಬಂದ ಐದು ಜನ ಮೂರು ತಿಂಗಳಾದರೂ ಹೋಗಿಲ್ಲ" ಎಂದು ಬರೆಸಿದರು. ಕೆಲಸ ಸಿಗಲು ಅಷ್ಟೇ ಸಾಕಾಯಿತು.

ಇಷ್ಟೆಲ್ಲ ನೋಡಿ ನಕ್ಕವಳು ನಾನು. ನನ್ನ ಸರದಿಯೂ ಬರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ ನೋಡಿ!

ಮದುವೆಗೆ ಮುಂಚೆ ಮತ್ತು ಮದುವೆಯಾದ ಹೊಸದರಲ್ಲಿ, ಒಟ್ಟು ನಾಲ್ಕು ವರ್ಷ, ನಾನು ಒಂದು ಸಣ್ಣ ಕಂಪನಿಯ ಟೀ ಪುಡಿ ಮಾರುತ್ತಿದ್ದೆ. ಬನ್ನಿಮಂಟಪದ ಸುತ್ತಮುತ್ತ ನನ್ನ ಲೈನು. ಆ ನಾಲ್ಕು ವರ್ಷ ನಾನು ಎಷ್ಟು ಖುಷಿಯಾಗಿದ್ದೆ ಎಂದು ಆಗ ಗೊತ್ತಾಗಲಿಲ್ಲ. ಬಿಸಿಲಿನಲ್ಲಿ ನಡೆದು ಕಾಲು ನೋಯುತ್ತದೆ ಎಂದು ದಿನವೂ ಗೊಣಗುತ್ತಿದ್ದೆ. ಆಮೇಲೆ ನನ್ನ ಅತ್ತೆ, ಗಂಡನ ತಾಯಿ, ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕೆಲಸ ಬಿಟ್ಟೆ. ಆರು ತಿಂಗಳು ಅಂದುಕೊಂಡದ್ದು ಹನ್ನೊಂದು ವರ್ಷವಾಯಿತು. ಈಗ ಅತ್ತೆ ಕೋಲು ಹಿಡಿದು ತಾವೇ ಓಡಾಡುತ್ತಾರೆ, ಆದರೆ ನನ್ನ ಗಂಡ ಕೆಲಸ ಮಾಡುವ ಪ್ರೆಸ್ಸು ವಾರಕ್ಕೆ ಮೂರು ದಿನಕ್ಕೆ ಇಳಿದಿದೆ. ನನಗೆ ನಲವತ್ತೊಂದು. ಮೂರು ಕಡೆ ಇಂಟರ್ವ್ಯೂಗೆ ಹೋದೆ. ಮೂರು ಕಡೆಯೂ ಹನ್ನೊಂದು ವರ್ಷದ ಜಾಗಕ್ಕೆ ಬೆರಳಿಟ್ಟು "ಇಲ್ಲಿ ಏನು?" ಎಂದರು. ನಾಲ್ಕನೆಯದು ಒಂದು ಸಾಂಬಾರ್ ಪುಡಿ ಕಂಪನಿ. ಇದೂ ಆಗದಿದ್ದರೆ ಇನ್ನು ಯಾರ ಬಾಗಿಲಿಗೂ ಹೋಗುವುದಿಲ್ಲ ಎಂದು ನಿರ್ಧರಿಸಿದ್ದೆ. ಇಂಟರ್ವ್ಯೂಗೆ ಹನ್ನೆರಡು ದಿನವಿತ್ತು. ಮಾವನ ಜಗಲಿಗೆ ಹೋದೆ.

"ನಿನ್ನ ಲೈನಿನ ಅಂಗಡಿ ಪಟ್ಟಿ ಕೊಡು" ಎಂದರು ಮಾವ. ನೆನಪಿದ್ದ ಹನ್ನೆರಡು ಅಂಗಡಿ ಬರೆದುಕೊಟ್ಟೆ. "ನೀನು ಬರ್ಬೇಡ. ನೀನು ಎದುರಿಗಿದ್ರೆ ದಾಕ್ಷಿಣ್ಯಕ್ಕೆ ಹೇಳ್ತಾರೆ."

ಮರುದಿನ ಸಂಜೆ ಅವರು ನೇರವಾಗಿ ನಮ್ಮ ಮನೆಗೇ ಬಂದರು. ನನ್ನ ಜೊತೆ ಮಾತಿಲ್ಲ. ಅತ್ತೆಯ ಮಂಚದ ಪಕ್ಕ ಕೂತು ನೋಟ್ ಪುಸ್ತಕ ಬಿಚ್ಚಿದರು.

"ಅಮ್ಮಾ, ನಿಮ್ಮ ಸೊಸೆ ನಿಮಗೆ ಏನಾದ್ರೂ ಮಾರಿದ್ದಾಳಾ?"

"ಅಯ್ಯೋ ಬುಡಪ್ಪ! ದಿನಾ ಮಾರ್ತಾಳೆ" ಎಂದರು ಅತ್ತೆ. "ಅಂಬಲಿ ಬೇಡ ಅಂತೀನಿ, ಕುಡಿಸ್ಬುಡ್ತಾಳೆ. ನಡೆಯಾಕಾಗಲ್ಲ ಅಂತೀನಿ, ನಡುಮನೆ ಎಂಟು ಸುತ್ತು ಸುತ್ತಿಸ್ತಾಳೆ. ಇವಳ ಬಾಯಿಗೆ ಸಿಕ್ಕಿ ನಾನು ಎದ್ದು ಓಡಾಡಂಗಾದೆ, ಇಲ್ದಿದ್ರೆ ಆರಾಮಾಗಿ ಮಲಗಿರ್ತಿದ್ದೆ!"

ಮಾವ ಬರೆದುಕೊಂಡರು. ಆಮೇಲೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಅದರಲ್ಲಿ ಇದ್ದದ್ದು ಹೀಗೆ: "ಹನ್ನೊಂದು ವರ್ಷದಿಂದ ಒಬ್ಬರೇ ಗಿರಾಕಿ. ಗಿರಾಕಿ ದಿನವೂ ಬೇಡ ಎನ್ನುತ್ತಾರೆ. ದಿನವೂ ತೆಗೆದುಕೊಳ್ಳುತ್ತಾರೆ." ನಗು ಬಂತು. ಅದರ ಕೆಳಗಿನ ಸಾಲು ಓದಿದಾಗ ನಗು ಹೋಯಿತು. "ಹಿಂದೆ ಟೀ ಪುಡಿ ಹಾಕುತ್ತಿದ್ದ ಹನ್ನೆರಡು ಅಂಗಡಿಗಳಲ್ಲಿ ವಿಚಾರಿಸಲಾಯಿತು. ಏಳು ಈಗ ಇಲ್ಲ. ನಾಲ್ಕರಲ್ಲಿ ಈಕೆಯ ನೆನಪಿಲ್ಲ. ಒಂದರಲ್ಲಿ ಜ್ಞಾಪಕ ಬರುವ ಹಾಗಿದೆ."

"ಮಾವ, ಈ ಸಾಲು ತೆಗೀರಿ."

"ಯಾಕಮ್ಮ? ವಿಚಾರಿಸಿದ್ದು ನಿಜ ತಾನೇ?"

"ನನ್ನನ್ನ ಯಾರೂ ನೆನಪಿಟ್ಕೊಂಡಿಲ್ಲ ಅಂತ ನಾನೇ ಬರ್ಕೊಂಡು ಹೋಗ್ಲಾ?"

"ಒಬ್ರಿಗೆ ಬರೋ ಹಾಗಿದೆ ಅಂತಾನೂ ಬರ್ದಿದೀನಲ್ಲ ಕಣೇ. ಹೆಸರು ಕೇಳಿದಂಗಿದೆ ಅಂದ್ರು ಆ ಮನುಷ್ಯ."

"ನಿಮಗೆ ನಿಮ್ಮ ಪುಸ್ತಕಾನೇ ದೊಡ್ಡದು. ನನ್ನ ಕೆಲಸ ಹೋದ್ರೂ ಪರ್ವಾಗಿಲ್ಲ."

ಆ ಮಾತನ್ನು ನಾನು ಆಡಿದೆ. ಅದಕ್ಕಿಂತ ಒಂದೆರಡು ಕೆಟ್ಟ ಮಾತನ್ನೂ ಆಡಿದೆ, ಅವನ್ನು ಇಲ್ಲಿ ಬರೆಯುವುದಿಲ್ಲ. ಮಾವ ಪುಸ್ತಕ ಮುಚ್ಚಿ, ಚಪ್ಪಲಿ ಮೆಟ್ಟಿ, ಅತ್ತೆಗೆ ಮಾತ್ರ ಹೇಳಿ ಹೋದರು. ಎರಡು ದಿನದ ಮೇಲೆ ಟೈಪಾದ ಹಾಳೆ ಯಾರ ಕೈಯಲ್ಲೋ ಮನೆಗೆ ಬಂತು. ಆ ಸಾಲು ಹಾಗೇ ಇತ್ತು. ನಾನು ಜೆರಾಕ್ಸ್ ಅಂಗಡಿಯಾಕೆಯ ಹತ್ತಿರ ಹೋಗಿ ಗುಟ್ಟಾಗಿ ಇನ್ನೊಂದು ಮಾಡಿಸಿದೆ. ಎರಡು ಪುಟ. ಅದರಲ್ಲಿ ನಾನು ಡೈನಮಿಕ್ಕೂ ಹೌದು, ಟೀಮ್ ಪ್ಲೇಯರೂ ಹೌದು! ಇಂಟರ್ವ್ಯೂ ದಿನದವರೆಗೆ ಮಾವನ ಮನೆಯ ಕಡೆ ತಲೆ ಹಾಕಲಿಲ್ಲ. ಅವರೂ ಬರಲಿಲ್ಲ. ಮುನಿಸಿಕೊಂಡಿದ್ದಾರೆ ಎಂದುಕೊಂಡೆ.

ಇಂಟರ್ವ್ಯೂ ಮಾಡಿದ ಮೇಡಂ ನನಗಿಂತ ಚಿಕ್ಕವರು. ಎರಡು ಪುಟದ ರೆಸ್ಯೂಮನ್ನು ತಿರುವಿ ಹಾಕಿದರು, ಬೆರಳು ಆ ಜಾಗಕ್ಕೇ ಬಂದು ನಿಂತಿತು. "ಈ ಹನ್ನೊಂದು ವರ್ಷ?" ನಾನು ಅಭ್ಯಾಸ ಮಾಡಿಕೊಂಡು ಹೋಗಿದ್ದ ಉತ್ತರವಿತ್ತು. ಅದರ ಮೊದಲ ಸಾಲೇ ಮರೆತುಹೋಯಿತು. ಎಸೆಯಲು ಮನಸ್ಸಾಗದೆ ಫೈಲಿನಲ್ಲೇ ಇಟ್ಟುಕೊಂಡಿದ್ದ ಮಾವನ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟೆ. ಧೈರ್ಯದಿಂದ ಇಟ್ಟೆ ಎಂದು ಹೇಳಿಕೊಳ್ಳಬಹುದು, ಆದರೆ ಅದು ನಿಜವಲ್ಲ. ಬೇರೆ ಏನೂ ತೋಚಲಿಲ್ಲ.

ಮೇಡಂ ಓದಿದರು. ಗಿರಾಕಿಯ ಸಾಲಿಗೆ ಬಂದಾಗ ಗಟ್ಟಿಯಾಗಿ ನಕ್ಕು, "ಯಾರು ಈ ಗಿರಾಕಿ?" ಎಂದರು. "ನಮ್ಮ ಅತ್ತೆ." ಮತ್ತೆ ನಕ್ಕರು. ಆಮೇಲೆ ಕೊನೆಯ ಸಾಲು. ನಗು ನಿಂತಿತು. ಎರಡು ಸಲ ಓದಿದರು.

"ಜ್ಞಾಪಕ ಬರುವ ಹಾಗಿದೆ ಅಂದ್ರೆ ಏನ್ರೀ? ನಂಬರ್ ಬೇರೆ ಇದೆ." ನಾನು ಬೇಡ ಎನ್ನುವ ಮೊದಲೇ ಫೋನ್ ಮಾಡಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಬನ್ನಿಮಂಟಪದ ಅಂಗಡಿಯವರು ಎತ್ತಿದರು. ಮೇಡಂ ತಾವು ಯಾರೆಂದು ಹೇಳಿ, ನನ್ನ ಹೆಸರು ಹೇಳಿ, "ಇವರ ಜ್ಞಾಪಕ ಬಂತಾ ನಿಮಗೆ?" ಎಂದರು.

"ಅಯ್ಯೋ ಮೇಡಂ, ನೀವೂ ಕೇಳ್ತೀರಾ! ದಿನಾ ಇದೇ ಆಗೋಯ್ತಲ್ಲ."

"ದಿನಾ ಯಾರು ಕೇಳ್ತಾರೆ?"

"ಆಯಮ್ಮನ ಸೋದರಮಾವ. ಹತ್ತು ದಿನದಿಂದ ಬತ್ತಾ ಅವ್ರೆ. ಹನ್ನೊಂದು ಗಂಟೆ ಬಸ್ಸಿಗೆ ಬಂದ್ರೆ ಸಾಯಂಕಾಲದವರ್ಗೂ ಸ್ಟೂಲ್ ಮೇಲೆ ಕೂತಿರ್ತಾರೆ. ಎರಡು ಜಡೆ ಹಾಕೋಳು, ಹೆಗಲಿಗೆ ಹಳದಿ ಚೀಲ, ಕೆನ್ನೆ ಮೇಲೆ ಗುಳಿ ಬೀಳ್ತಿತ್ತು, ಈಗ ಬಂತಾ, ಅಂತಾರೆ. ಇಲ್ಲ ಅಂದ್ರೆ ಇನ್ನೊಂದು ಹೇಳ್ತಾರೆ. ಮೊನ್ನೆ ನಂಗೇ ಪಾಪ ಅನ್ನಿಸ್ಬುಡ್ತು. ಬಂತು ಸ್ವಾಮಿ, ಜ್ಞಾಪಕ ಬಂತು, ಬರ್ಕಳಿ ಅಂದೆ. ನನ್ನ ಮುಖಾನೇ ನೋಡಿದ್ರು. 'ಬಂದಿಲ್ಲ. ಅವಳಿಗೋಸ್ಕರ ಸುಳ್ಳು ಹೇಳ್ಬೇಡಿ, ಅವಳಿಗೆ ಅದು ಬೇಕಾಗಿಲ್ಲ. ಬಂದಾಗ ಹೇಳಿ, ನಾನಿರ್ತೀನಿ' ಅಂದ್ರು."

ಮೇಡಂ ಫೋನನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು.

"ಈಗ ಅಲ್ಲಿದ್ದಾರಾ?" ಎಂದರು ಮೇಡಂ.

"ಅವ್ರೆ. ಫೋನ್ ಕೊಡ್ಲಾ?"

ಮೇಡಂ ನನ್ನ ಕಡೆ ನೋಡಿದರು. ನಾನು ಬೇಡ ಎಂದು ತಲೆಯಾಡಿಸಿದೆ. ಅವರು ಫೋನ್ ಇಟ್ಟು, ಎರಡು ಪುಟದ ರೆಸ್ಯೂಮನ್ನು ನನಗೆ ವಾಪಸ್ ಕೊಟ್ಟು, ಮಾವನ ಹಾಳೆಯನ್ನು ತಮ್ಮ ಫೈಲಿಗೆ ಹಾಕಿಕೊಂಡರು. "ಒಂದನೇ ತಾರೀಖಿಂದ ಬನ್ನಿ. ಆರು ತಿಂಗಳು ಟ್ರಯಲ್. ಬನ್ನಿಮಂಟಪ ನಿಮ್ಮ ಲೈನಿಗೇ ಹಾಕ್ತೀನಿ" ಎಂದರು.

ಆಟೋ ಹಿಡಿದು ಹೋದೆ. ಮಾವ ಅಂಗಡಿಯ ಮುಂದೆ ಸ್ಟೂಲಿನ ಮೇಲೆ, ಎರಡು ಮೊಣಕಾಲ ನಡುವೆ ಕೊಡೆ ನಿಲ್ಲಿಸಿಕೊಂಡು ಕೂತಿದ್ದರು. ಹತ್ತು ದಿನದಲ್ಲಿ ಮುಖ ಬಿಸಿಲಿಗೆ ಕಪ್ಪಾಗಿತ್ತು. ನನ್ನನ್ನು ನೋಡಿ, "ಸಿಕ್ತಾ?" ಎಂದರು.

"ಸಿಕ್ತು ಮಾವ. ಮನೆಗೆ ಹೋಗೋಣ ನಡೀರಿ."

"ಒಳ್ಳೇದಾಯ್ತು ಕಣಮ್ಮ. ಸ್ವಲ್ಪ ತಡಿ, ಈತನಿಗೆ ಇನ್ನೇನು ಬರೋ ಹಾಗಿದೆ."

ಅಂಗಡಿಯವರು ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿ, ಒಳಗಿನಿಂದ ಇನ್ನೊಂದು ಸ್ಟೂಲು ತಂದು ಹಾಕಿದರು. ಕೂತೆ. ಮಾವ ಬಿಟ್ಟ ಕಡೆಯಿಂದ ಮತ್ತೆ ಶುರು ಮಾಡಿದರು. "ಎರಡು ಜಡೆ ಕಣ್ರೀ, ಕೆಂಪು ಟೇಪು. ಹಳದಿ ಚೀಲ. ಚೀಲಾನ ಕೆಳಗೆ ಇಡೋಳೇ ಅಲ್ಲ."

ಟೀ ಪುಡಿ ಮಾರುವಾಗ ನನಗೆ ಒಂದೇ ಜಡೆ, ಚೀಲ ಹಸಿರು. ಹಳದಿ ಚೀಲ ನನ್ನ ಮೂರನೇ ಕ್ಲಾಸಿನದು. ಮೊಪೆಡ್ಡಿನ ಹಿಂದೆ, ನೀಲಿ ಸೀಸೆಗಳ ಪೆಟ್ಟಿಗೆಗೆ ಒರಗಿ ಕೂತಾಗ ಅದು ನನ್ನ ಹೆಗಲ ಮೇಲಿರುತ್ತಿತ್ತು.

ನಾನು ಅದನ್ನು ತಿದ್ದಲಿಲ್ಲ.